ಗಟ್ಟಿ ಗಳಿಗೆ

"ಹ್ವಾದ ತಿಂಗಳ ನಾವಿಬ್ರೂ ಬಸ್ಸಿಗೆ ನಿಂತಾಗ ನಿನಗ ಬಸ್ ಬಂದದ್ದಷ್ಟ ಗೊತ್ತಾತು. ಬಸ್ ಬರೂ ಮದಲ ಏನೇನ ಬಂತು ಅನ್ನೂದನ್ನ ನನ್ನ ಕೇಳು," ಎಂದಳು ಲಲಿತಕ್ಕ, ಹೊಲಿಗೆ ಯಂತ್ರದ ಗಾಲಿಯನ್ನು ಅಂಗೈಯಲ್ಲಿ ತಡೆದು.

"ಏನ್ ಬಂತು?" ಎಂದಳು ತಂಗಿ ಇಂದುಮತಿ. ಅವಳ ಕೈ ಊಟದ ಡಬ್ಬಿ ಕಟ್ಟುತ್ತಿತ್ತು, ಕಣ್ಣು ಗಡಿಯಾರದ ಮೇಲಿತ್ತು.

"ಒಬ್ಬಾಕಿ ಹೆಣ್ಮಗಳು ಬಂದ್ಲು. ಕೈಯಾಗ ಗೋಂದಿನ ಡಬ್ಬಿ, ಬಗಲಾಗ ಪೋಸ್ಟರಿನ ಸುರಳಿ. ಸ್ಟ್ಯಾಂಡಿನ ತುಂಬ ನಿನ್ನಂಥಾವ್ರು ಕಣ್ಣ ತಕ್ಕೊಂಡು ಕಲ್ಲಿನಂಗ ನಿಂತಿದ್ರಿ. ಪಾಪ, ಈ ಗ್ವಾಡಿಗೆ ಹಚ್ಚಬಹುದೇನು ಅಂತ ಕೇಳಾಕ ಆಕಿಗೆ ಒಂದು ಜೀವಂತ ಮನಷಾ ಸಿಗವಲ್ದು. ಕಡೀಕ ನನ್ನ ಬಾಯಿ ಆಡೂದು ಕಂಡು ಓಡಿ ಬಂದ್ಲು. ಮುಕ್ತಾಬಾಯಿ ಅಂತ. ನಾಟಕ ಕಂಪನಿ ಮಾಲಕಳು. ಹೀರೋಯಿನ್ನೂ ಆಕೀನ, ಪೋಸ್ಟರ್ ಹಚ್ಚಾಕೀನೂ ಆಕೀನ. ಜಾಗ ಸಾಲದ ಬಂದ್ರ ನಮ್ಮ ತಂಗಿ ಬೆನ್ನಿಗೊಂದು ಹಚ್ಚಬೇ ಅಂದೆ. ಹಚ್ಚೇ ಬಿಟ್ಲು ನೋಡು."

ಇಂದುಮತಿಯ ಕೈ ತಾನಾಗಿ ಬೆನ್ನಿಗೆ ಹೋಯಿತು. ಲಲಿತಕ್ಕ ಕುಪ್ಪಸದ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ನಕ್ಕಳು.

"ನಿನಗ ಮಾಡಾಕ ಬ್ಯಾರೆ ಕೆಲಸಿಲ್ಲಕ್ಕಾ."

"ಕೆಲಸ ಐತಿ. ಸಂಜೀ ಒಳಗ ಆರು ಕುಪ್ಪಸ ಕೊಡಬೇಕು, ಕೊಡ್ತೀನಿ. ನಡಕ ನಗಬಾರದು ಅಂತ ಏನರ ಐತೇನು?"

ಆ ದಿನಗಳಲ್ಲಿ ಗದಗ ಊರಿನ ಹೆಚ್ಚಿನವರ ಎಡಗೈಯಲ್ಲಿ ಒಂದು ಬಳೆ ಇರುತ್ತಿತ್ತು. ನೋಡಲು ತಾಮ್ರದ ಬಳೆಯಂತೆ, ನಡುವೆ ಗುಲಗಂಜಿಯಷ್ಟು ದೊಡ್ಡ ಹರಳು. ಜನ ಅದನ್ನು ಬಿಡುವಿನ ಬಳೆ ಎನ್ನುತ್ತಿದ್ದರು. ಎಲ್ಲಿಯಾದರೂ ಸುಮ್ಮನೆ ಕಾಯಬೇಕಾಗಿ ಬಂದರೆ ಹರಳನ್ನು ಒತ್ತಿದರಾಯಿತು. ಮೈ ಅಲ್ಲೇ ನಿಂತಿರುತ್ತದೆ, ಉಸಿರಾಡುತ್ತದೆ, ಕಣ್ಣು ತೆರೆದಿರುತ್ತದೆ. ಆದರೆ ಒತ್ತಿದವರ ಪಾಲಿಗೆ ಆ ಹೊತ್ತೇ ಇರುವುದಿಲ್ಲ. ಈಗ ಒತ್ತಿದೆ, ಈಗ ಬಸ್ ಬಂತು, ಅಷ್ಟೆ. ನಡೆಯುವಾಗ, ಗಾಡಿ ಓಡಿಸುವಾಗ, ಒಲೆಯ ಮುಂದೆ ಇರುವಾಗ ಬಳೆ ಒಪ್ಪುವುದಿಲ್ಲ. ಕೂತಿರಬೇಕು, ಇಲ್ಲವೆ ನಿಂತಿರಬೇಕು.

ಹಾಗಾದರೆ ಆ ಹೊತ್ತು ಹೋಗುವುದೆಲ್ಲಿಗೆ? ಕಪ್ಪತಗುಡ್ಡದ ಬುಡದಲ್ಲಿದ್ದ ಕಾಲಕೇಂದ್ರಕ್ಕೆ. ಮನುಷ್ಯ ಕಾಯುತ್ತ ಕಳೆಯುವ ಹೊತ್ತನ್ನು ನೀರಿನಂತೆ ಹಿಡಿದಿಟ್ಟು, ಬೇಕಾದವರಿಗೆ ಬೇಕಾದಾಗ ಹರಿಸಲು ಬಂದರೆ ಹೇಗೆ ಎಂದು ನಾಡಗೌಡ ಎಂಬ ವಿಜ್ಞಾನಿ ಹುಚ್ಚನಂತೆ ಕೇಳಿಕೊಳ್ಳುತ್ತ ಅರ್ಧ ಆಯುಷ್ಯ ಕಳೆದಿದ್ದರು. ಕಡೆಗೆ ಹಿಡಿದೇಬಿಟ್ಟರು. ಕೇಂದ್ರದಲ್ಲಿ ಸಾಲಾಗಿ ನಿಂತ ಹರಳಿನ ಕಂಬಗಳಲ್ಲಿ ಊರಿನ ಹೊತ್ತು ಜೇನಿನ ಬಣ್ಣದಲ್ಲಿ ತುಂಬಿಕೊಳ್ಳುತ್ತಿತ್ತು. ಅದನ್ನು ಆಸ್ಪತ್ರೆಯ ಶಸ್ತ್ರಚಿಕಿತ್ಸೆಯ ಮೇಜಿನ ಸುತ್ತ ಬಿಟ್ಟರೆ, ಹೊರಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಒಳಗಿನ ವೈದ್ಯರಿಗೆ ಅರ್ಧ ತಾಸು ಸಿಗುತ್ತದೆ. ರೋಗಿಯ ರಕ್ತ ಒಂದು ಹನಿ ಸುರಿಯುವುದರೊಳಗೆ ಅವರು ಹರಿದ ನರವನ್ನು ಹುಡುಕಿ, ಯೋಚಿಸಿ, ಹೊಲಿದು ಮುಗಿಸಿರುತ್ತಾರೆ. ಬದುಕುವುದಿಲ್ಲ ಎಂದು ಬಿಟ್ಟಿದ್ದ ಎಷ್ಟೋ ಮಕ್ಕಳು ಈಗ ಊರ ಓಣಿಗಳಲ್ಲಿ ಗೋಲಿ ಆಡಿಕೊಂಡಿದ್ದವು.

ಇಂದುಮತಿ ಹೊಂಬಳ ಆ ಕೇಂದ್ರದ ನಿಯಂತ್ರಣ ಕೋಣೆಯಲ್ಲಿ ಕೆಲಸಕ್ಕಿದ್ದಳು. ತಾಯಿ ತೀರಿದ ಮೇಲೆ ಅವಳನ್ನು ಎತ್ತಿ ಬೆಳೆಸಿದವಳು ಅಕ್ಕ. ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಹೊಲಿಗೆ ಯಂತ್ರ ತುಳಿದು ತಂಗಿಯನ್ನು ಓದಿಸಿದ್ದಳು. ಮನೆಯಲ್ಲಿ ಇಬ್ಬರೇ. ಅಕ್ಕ ಬಳೆ ತೊಡಲೇ ಇಲ್ಲ. ತಂಗಿಯಾದರೋ ತನ್ನ ಒಂದು ಗಳಿಗೆಯನ್ನೂ ಪೋಲು ಮಾಡಿದವಳಲ್ಲ. ಮೊದಮೊದಲು ಬಸ್ಸಿಗೆ ಕಾಯುವ ಹೊತ್ತನ್ನು ಕೊಟ್ಟಳು. ಆಮೇಲೆ ಬಚ್ಚಲ ನೀರು ಕಾಯುವ ಹೊತ್ತು, ಮದುವೆ ಮನೆಯಲ್ಲಿ ಪಂಕ್ತಿಗೆ ಕಾಯುವ ಹೊತ್ತು. ಆಮೇಲೆ ಪಂಕ್ತಿಯಲ್ಲಿ ಪಕ್ಕದವರು ತಮ್ಮ ಸೊಸೆಯ ಕಥೆ ಹೇಳುವ ಹೊತ್ತು. ಈಗೀಗ ಸಂಜೆಯನ್ನೇ ಇಡಿಯಾಗಿ ಕೊಟ್ಟುಬಿಡುತ್ತಿದ್ದಳು. ಕೆಲಸ ಮುಗಿಯಿತು ಎನ್ನುವಷ್ಟರಲ್ಲಿ ಮತ್ತೆ ಕೆಲಸ ಎದುರಿಗಿರುತ್ತಿತ್ತು. ಒಂದು ಮುಂಜಾನೆ ತಲೆ ಬಾಚುವಾಗ ಕನ್ನಡಿಯಲ್ಲಿ ಬಿಳಿಗೂದಲು ಕಂಡು, ಇವು ಯಾವಾಗ ಬಂದವು ಎಂದು ನೆನಪು ಮಾಡಿಕೊಳ್ಳಲು ನೋಡಿದಳು. ನೆನಪಿನಲ್ಲಿ ಕೆಲಸ ಬಿಟ್ಟರೆ ಏನೂ ಇರಲಿಲ್ಲ.

"ರವಿವಾರ ಮಧ್ಯಾಹ್ನದ ಆಟಕ್ಕ ನೀನೂ ಬಾ," ಎಂದಳು ಲಲಿತಕ್ಕ. "'ಮಾವ ತಂದ ಮೂಗುತಿ' ಅಂತ. ಮೂರನೇ ಅಂಕದಾಗ ಮುಕ್ತಾಬಾಯಿದು ಒಂದು ಪದ ಐತಿ. ನಾ ನಾಕ ಸಲ ಕೇಳೀನಿ, ಇನ್ನೂ ಮನಸ ತುಂಬಿಲ್ಲ. ವನ್ಸ್ ಮೋರ್ ಅಂತ ಮದಲ ಕೂಗಾಕಿ ನಾನ. ಡೇರೆದಾಗ ಈಗ ನನಗ ಹೆಸರ ಹಂಗ ಬಿದ್ದೈತಿ, ವನ್ಸ್ ಮೋರ್ ಲಲಿತಕ್ಕ ಅಂತ."

"ರವಿವಾರ ನನಗ ಡ್ಯೂಟಿ ಐತಿ."

"ಬ್ಯಾರೇದವ್ರ ಜೀವ ಉಳಸಾಕ ಹೊತ್ತ ಕೊಡ್ತಿ, ನಾ ಬ್ಯಾಡ ಅನ್ನೂದಿಲ್ಲ. ಆದ್ರ ಉಳದವ್ರು ಉಳದು ಏನ ಮಾಡಬೇಕು ಇಂದೂ? ಅವ್ರೂ ಬಳಿ ಒತ್ತಿಗೋತ ನಿಂದರಬೇಕೇನು?"

ಇಂದುಮತಿ ಡಬ್ಬಿ ಎತ್ತಿಕೊಂಡು ಹೊರಟಳು. ಗೇಟಿನಾಚೆ ಬಸ್ಸಿಗೆ ನಿಂತು ಹರಳು ಒತ್ತಿದಳು. ಬಸ್ ಬಂತು.

ಕೇಂದ್ರದಲ್ಲಿ ನಾಡಗೌಡರು ಕಂಬಗಳ ನಡುವೆ ಕೈಕಟ್ಟಿ ಅಡ್ಡಾಡುತ್ತಿದ್ದರು. ಸಣ್ಣ ಆಳು, ದೊಡ್ಡ ಕನ್ನಡಕ, ಯಾವಾಗಲೂ ಬಾಯಲ್ಲಿ ಒಂದು ಲವಂಗ.

"ಇಲ್ಲಿ ಬರ್ರಿ ಇಂದುಮತಿಯವರ. ಈ ಕಂಬದ ಬಣ್ಣ ಯಾವುದು ಹೇಳ್ರಿ."

ಇಂದುಮತಿ ನೋಡಿದಳು. ದಿನಾ ನೋಡುವ ಕಂಬವೇ. ತುದಿಯವರೆಗೆ ತುಂಬಿತ್ತು. ಆದರೆ ಜೇನಿನ ಬಣ್ಣವಿರಲಿಲ್ಲ. ನೀರು ಮಜ್ಜಿಗೆಯಂತೆ ಬೆಳ್ಳಗಿತ್ತು.

"ತುಂಬೇತಲ್ರಿ ಸರ್."

"ತುಂಬೇತಿ. ಏನ ತುಂಬೇತಿ?" ಲವಂಗವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಹೊರಳಿಸಿದರು. "ಹ್ವಾದ ವಾರ ಡಾಕ್ಟರ್ ಖತೀಬರಿಗೆ ಅರ್ಧ ತಾಸ ಬಿಟ್ವಿ. ನಡುವ ಹರದ ಹೋತಂತ. ಹಳೇ ಅರಿವಿ ಹರದಂಗ. ಪುಣ್ಯಾಕ ಸಣ್ಣ ಆಪರೇಷನ್ನು, ಪೇಶಂಟ್ ಉಳದ್ರು. ಅವತ್ತಿಂದ ನನಗ ನಿದ್ದಿಲ್ಲ. ಮದಲ ಮಂದಿ ಕಾಯೂ ಹೊತ್ತ ಕೊಡತಿದ್ರು, ಹೌದಲ್ಲ? ಆವಾಗ ಕಾಯೂದಂದ್ರ ಏನಿತ್ತು? ಬಸ್ಸಿಗೆ ನಿಂತಾಂವ ಮಗಳ ಮದವಿ ಬಗ್ಗೆ ಯೋಚನಿ ಮಾಡತಿದ್ದ, ಮುಗಲ ನೋಡತಿದ್ದ, ಬಾಜೂದಾಂವನ ಜೋಡಿ ಜಗಳ ತಗೀತಿದ್ದ. ಆ ಹೊತ್ತಿನಾಗ ಒಂದು ಜೀವ ಇತ್ತು. ಈಗ ಸಂದು ಸಿಕ್ಕೂದ ತಡ, ಒತ್ತತಾರ. ಆ ಸಂದಿನ ಒಳಗ ಏನೂ ಇರೂದ ಇಲ್ಲ. ಯಾರಿಗೂ ಬ್ಯಾಡಾದ ಹೊತ್ತು ಯಾರ ಭಾರಾನೂ ಹೊರೂದಿಲ್ಲರಿ. ಇದು ನನಗ ಮದಲ ತಿಳೀಬೇಕಿತ್ತು."

ಇಂದುಮತಿಗೆ ಕಂಬದ ಬಿಳುಪು ಯಾಕೋ ತನ್ನ ತಲೆಯ ಬಿಳಿಗೂದಲಿನಂತೆ ಕಂಡಿತು. ಇದರಲ್ಲಿ ನನ್ನದೆಷ್ಟು ಎಂದು ಕೇಳಬೇಕೆನಿಸಿತು.

"ಮತ್ತ ಗಟ್ಟಿ ಹೊತ್ತು ಎಲ್ಲಿಂದ ತರೂದು ಸರ್?"

"ಬೇಕು ಬೇಕು ಅಂತ ಜೀವಾ ಹಿಡಕೊಂಡು ಕುಂತಿರ್ತಾರಲ್ಲ, ಆ ಗಳಿಗ್ಯಾಗಿಂದ. ಅಂಥಾದ್ದನ್ನ ಯಾರ ಕೊಡ್ತಾರ?" ಎಂದರು ನಾಡಗೌಡರು.

ರವಿವಾರ ಮಧ್ಯಾಹ್ನ ನಿಯಂತ್ರಣ ಕೋಣೆಯ ಫೋನು ಹೊಡೆದುಕೊಂಡಿತು. ಆಸ್ಪತ್ರೆಯಿಂದ ಡಾಕ್ಟರ್ ಖತೀಬರು.

"ಹೊಂಬಳ ಮೇಡಂ, ಫೋನ್ ನೀವ ತಗೊಂಡದ್ದು ಚಲೋ ಆತು. ಗಾಬರಿ ಆಗಬ್ಯಾಡ್ರಿ. ನಿಮ್ಮ ಅಕ್ಕಾರು ನಾಟಕದ ಡೇರೆ ಬಾಗಲದಾಗ ಬಿದ್ರಂತ. ಗೇಟಿನವ್ರು ರಿಕ್ಷಾದಾಗ ಹಾಕ್ಕೊಂಡು ಬಂದಾರ. ಮಿದುಳಿನ ಒಂದು ರಕ್ತನಾಳ ಒಡದೈತಿ. ಭಾಳ ಒಳಗೈತಿ. ಸಾದಾ ಹೊತ್ತಿನಾಗ ಕೈ ಹಾಕಿದ್ರ ನಾ ಅಲ್ಲಿಗೆ ಮುಟ್ಟೂದ್ರಾಗ ಮುಗದಿರತೈತಿ. ಮೈ ತಂಪ ಮಾಡಿ ಇಟ್ಟೀನಿ. ಒಂದು ತಾಸ ತಡದಾರು. ನನಗ ಹರೀಲಾರದಂಥಾ ಹೊತ್ತು ಬೇಕು. ಐತೇನು?"

ಇಂದುಮತಿ ಗಾಜಿನಾಚೆ ನೋಡಿದಳು. ಸಾಲು ಸಾಲು ಕಂಬ. ಎಲ್ಲವೂ ತುಂಬಿದ್ದವು. ಎಲ್ಲವೂ ಬೆಳ್ಳಗಿದ್ದವು. ವರ್ಷಗಟ್ಟಲೆ ತಾನು ಕೂಡಿಟ್ಟದ್ದೆಲ್ಲ ಅಲ್ಲಿತ್ತು. ಅಕ್ಕನಿಗೆ ಒಂದು ಹೊಲಿಗೆಗೂ ಬಾರದು.

ಮೇಜಿನಾಚೆ ಕೂತು ಫೋನಿನ ಮಾತು ಕೇಳುತ್ತಿದ್ದ ನಾಡಗೌಡರು ಎದ್ದು ನಿಂತರು. ಅವಳು ಹೇಳಿದ್ದು ಒಂದೇ ಮಾತು.

"ಸರ್, ಡೇರೆ."

"ಯಾವ ಡೇರೆ?"

"ನಾಟಕದ್ದು. ಈಗ ಎರಡನೇ ಅಂಕ ನಡದಿರತೈತಿ. ಮೂರನೇ ಅಂಕದಾಗ ಒಂದು ಪದ ಐತಂತ. ಅದಕ್ಕಂತನ ಹಳ್ಳಿ ಹಳ್ಳಿಯಿಂದ ಮಂದಿ ಬರ್ತಾರಂತ. ಅಕ್ಕ ಹೇಳತಿದ್ಲು."

ನಾಡಗೌಡರು ಲವಂಗ ಜಗಿಯುವುದನ್ನು ನಿಲ್ಲಿಸಿದರು. "ಸಾವಿರ ಮಂದಿ. ಎಲ್ಲಾರೂ ಕೂಡಿ ಒಂದ ಗಳಿಗೀನ ಬಯಸಿ ಕುಂತಾರ," ಎಂದು ತಮ್ಮಷ್ಟಕ್ಕೇ ಎಂಬಂತೆ ಹೇಳಿಕೊಂಡರು. "ಆಗಬಹುದು. ಆದ್ರ ಪದ ಖರೇನ ಹಾಡಬೇಕು. ಬರೇ ಕುಂದರಸಿ ಒತ್ತಸಿದ್ರ ನಡಿಯೂದಿಲ್ಲ. ಹಾಡಾಕಿ ಬಾಯಿ ತಗಿಯೂದಕ ಕುಂತವ್ರು ಒತ್ತಬೇಕು. ಮತ್ತ ಇಷ್ಟ ಮಂದಿ ಒಮ್ಮೆಗೆ ಕೊಟ್ರ ಒಬ್ರು ಎಚ್ಚರ ಇದ್ದು ಕಾವಲು ಇರಬೇಕು, ಕೇಂದ್ರದ ನಿಯಮ ಗೊತ್ತೈತಲ್ಲ. ಹೊತ್ತು ಹಿಡಿಯೂ ತಂತಿ ತಗೊಂಡು ನೀವು ಹೋಗ್ರಿ, ಡೇರೆದ ಕಂಬಕ್ಕ ಕಟ್ರಿ. ನಾ ಇಲ್ಲಿಂದ ಸೀದಾ ಆಸ್ಪತ್ರೆಗೆ ಹರಸತೀನಿ."

ಜೀಪು ಊರ ಹೊರಗಿನ ಬಯಲು ತಲುಪಿದಾಗ ಡೇರೆಯೊಳಗೆ ವಿರಾಮ ನಡೆದಿತ್ತು. ಶೇಂಗಾದ ವಾಸನೆ, ಬೀಡಿಯ ಹೊಗೆ, ಮಕ್ಕಳ ಅಳು. ತಗಡಿನ ಕುರ್ಚಿಗಳ ಮುಂದೆ ನೆಲದ ಮೇಲೆ ಜಮಖಾನೆ ಹಾಸಿದ್ದರು. ಮುಂದಿನ ಸಾಲಿನ ನಡುವೆ ಒಬ್ಬರು ಕೂರುವಷ್ಟು ಜಾಗ ಖಾಲಿ ಬಿಟ್ಟಿದ್ದರು. ಅದು ಯಾರದೆಂದು ಇಂದುಮತಿ ಯಾರನ್ನೂ ಕೇಳಬೇಕಾಗಲಿಲ್ಲ.

ಪಡದೆಯ ಹಿಂದೆ ಮುಕ್ತಾಬಾಯಿ ಮುಖಕ್ಕೆ ಬಣ್ಣ ತೀಡುತ್ತಿದ್ದಳು. ವಯಸ್ಸು ಐವತ್ತು ದಾಟಿದ್ದರೂ ಹೊಸ ಸೊಸೆಯ ಹಸಿರು ಸೀರೆ ಅವಳಿಗೆ ಒಪ್ಪಿತ್ತು. ಇಂದುಮತಿ ಹೇಳಿದ್ದನ್ನೆಲ್ಲ ಕೇಳಿ ಕನ್ನಡಿ ಕೆಳಗಿಟ್ಟಳು.

"ಅಂದ್ರ ನಾ ಹಾಡಬೇಕು, ಯಾರೂ ಕೇಳಬಾರದು."

"ಹೌದ್ರಿ."

"ಇಡೀ ಜನ್ಮದಾಗ ನಾ ಅಂಜಿದ್ದು ಅದಕ್ಕ ಒಂದಕ್ಕ ತಂಗಿ," ಎಂದಳು ಮುಕ್ತಾಬಾಯಿ. ಆಮೇಲೆ ಎದ್ದು ಸೆರಗು ಬಿಗಿದಳು. "ನಡಿ. ನೀನ ಕೇಳು ಅವ್ರನ್ನ. ಆಕಿ ನನ್ನ ಗೆಳತಿ ಖರೆ, ಆದ್ರ ಪದ ಈಗ ನಂದಲ್ಲ. ರೊಕ್ಕಾ ಕೊಟ್ಟು ಕುಂತಾರ, ಅವ್ರದು."

ಇಂದುಮತಿ ರಂಗದ ಮೇಲೆ ಮೈಕಿನ ಮುಂದೆ ನಿಂತಳು. ಅವಳು ಎಂದೂ ನಾಲ್ಕು ಜನರೆದುರು ಮಾತಾಡಿದವಳಲ್ಲ. ಹೇಗೋ ಹೇಳಿ ಮುಗಿಸಿದಳು. ಡೇರೆ ಗುಜುಗುಜು ಎಂದಿತು. ಹಿಂದಿನಿಂದ ತಲೆಗೆ ಪಟಗಾ ಸುತ್ತಿದ ಒಬ್ಬ ಮುದುಕ ಎದ್ದ.

"ಅಕ್ಕಾರ, ಸಿಟ್ಟ ಮಾಡಬ್ಯಾಡ್ರಿ. ಬಸ್ಸಿನ ಹೊತ್ತ ಕೊಡ್ರಿ ಅಂದ್ರಿ, ಕೊಟ್ವಿ. ಕಟ್ಟಿ ಮ್ಯಾಲಿನ ಹೊತ್ತ ಕೊಡ್ರಿ ಅಂದ್ರಿ, ಕೊಟ್ವಿ. ಈಗ ನಮ್ಮ ಕಟ್ಟಿ ಮ್ಯಾಲ ನಾಯಿ ಮಲಗತಾವ. ಹೊಲಾ ಮನಿ ಬಿಟ್ರ ನಮಗ ಉಳದದ್ದ ಇದೊಂದು. ಇದನ್ನೂ ಕೊಡ್ರಿ ಅಂದ್ರ?"

ಇಂದುಮತಿ ಮತ್ತೆ ಮೈಕಿಗೆ ಬಾಗಿದಳು.

"ಕೊಡಬಾರದ್ದನ್ನ ಕೇಳಾಕ ಬಂದೀನ್ರಿ. ನನ್ನ ಹತ್ರ ಇದ್ದಿದ್ರ ನಾನ ಕೊಡತಿದ್ದೆ. ನನ್ನ ಹೊತ್ತೆಲ್ಲಾ ನೀರಾಗಿ ಹೋಗೇತಿ. ನಿಮ್ಮದು ಗಟ್ಟಿ ಐತಿ."

ಮುದುಕ ಕಿವಿಗೆ ಕೈ ಹಿಡಿದ. "ಬಿದ್ದಾಕಿ ಯಾರಂದ್ರಿ?"

"ಲಲಿತಾ ಅಂತ. ನಮ್ಮಕ್ಕ."

"ಯಾರು, ವನ್ಸ್ ಮೋರ್ ಲಲಿತಕ್ಕನ?" ಎಂದಳು ಜಮಖಾನೆಯ ಮೇಲಿದ್ದ ಒಬ್ಬ ಹೆಂಗಸು. "ಅಯ್ಯ, ಅದನ್ನ ಮದಲ ಹೇಳಬಾರದೇನ ತಂಗಿ? ಹ್ವಾದ ವಾರ ನನ್ನ ಮಗೂನ ತೊಡಿ ಮ್ಯಾಲ ಹಾಕ್ಕೊಂಡು ಪೂರಾ ನಾಟಕ ನೋಡ್ಯಾಳ ಆಕಿ." ಎಂದವಳೇ ಸೆರಗಿನೊಳಗಿಂದ ಎಡಗೈ ಹೊರಗೆ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಪಕ್ಕದವಳೂ ಹಾಗೇ ಮಾಡಿದಳು. ಗಾಳಿಗೆ ಜೋಳದ ಹೊಲ ಒಂದು ಬದಿಯಿಂದ ಬಾಗುತ್ತ ಹೋದಂತೆ, ಸಾಲಿನಿಂದ ಸಾಲಿಗೆ ಕೈಗಳು ತೊಡೆಯ ಮೇಲೆ ಬಂದವು. ಮುದುಕ ಕೂತು ಪಟಗಾ ತೆಗೆದು ಪಕ್ಕಕ್ಕಿಟ್ಟ.

ಪಡದೆ ಎದ್ದಿತು. ಗಂಡನ ದಾರಿ ಕಾಯುವ ಸೊಸೆ ಹೊಸ್ತಿಲಲ್ಲಿ ಕೂತಿದ್ದಾಳೆ. ಮಾವ ಬೈದು ಹೋದ. ದೀಪ ಸಣ್ಣಗಾಯಿತು. ಪೇಟಿ ಮಾಸ್ತರ ಬೆರಳನ್ನು ಹಾರ್ಮೋನಿಯಮ್ಮಿನ ಮನೆಗಳ ಮೇಲಿಟ್ಟ. ಡೇರೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ಸಾವಿರ ಜನ ಮುಂದಕ್ಕೆ ಬಾಗಿ, ಉಸಿರು ಹಿಡಿದು, ಇನ್ನೇನು ಬರಲಿರುವ ಆ ಒಂದು ದನಿಗಾಗಿ ಕಾದಿದ್ದರು. ರಂಗದ ಪಕ್ಕದಲ್ಲಿ ಇಂದುಮತಿ ಸನ್ನೆಗೆಂದು ಕೈ ಎತ್ತಿ ನಿಂತಿದ್ದಳು. ಇಂಥ ಕಾಯುವಿಕೆಯನ್ನು ಅವಳು ಮರೆತು ಎಷ್ಟೋ ಕಾಲವಾಗಿತ್ತು. ಮುಕ್ತಾಬಾಯಿ ಬಾಯಿ ತೆರೆದಳು. ಇಂದುಮತಿ ಕೈ ಇಳಿಸಿದಳು.

ಸಾವಿರ ಹರಳು ಒಮ್ಮೆಲೇ ಒತ್ತಿದ ಸದ್ದು ಮಳೆಯ ಮೊದಲ ಹನಿ ತಗಡಿಗೆ ಬಿದ್ದಷ್ಟೇ ಇತ್ತು. ಅವರೆಲ್ಲ ಹಾಗೇ ನಿಂತುಹೋದರು. ಅರ್ಧ ತೆರೆದ ಬಾಯಿ, ಮುಷ್ಟಿಯಲ್ಲೇ ಉಳಿದ ಶೇಂಗಾ. ಬಳೆಯಿಲ್ಲದ ಎರಡು ಮೂರು ಹಸುಗೂಸುಗಳಷ್ಟೇ ತಾಯಿಯ ಹೆಗಲ ಮೇಲೆ ಎಚ್ಚರವಿದ್ದವು.

"ನಿಲ್ಲೊ ಹೊತ್ತೇ, ಹೊಸಿಲ ದಾಟದೆ ನಿಲ್ಲೊ,
ಮುಡಿದ ಮಲ್ಲಿಗೆ ಅರಳೋ ತನಕ..."

ಮುಕ್ತಾಬಾಯಿಯ ದನಿ ಮೊದಲ ಸಾಲಿನಲ್ಲಿ ನಡುಗಿತು. ಎದುರಿಗೆ ಸಾವಿರಾರು ಕಣ್ಣು, ಒಂದರಲ್ಲೂ ಬೆಳಕಿಲ್ಲ. ಅವಳ ನೋಟ ಅಲೆದಾಡಿ, ರಂಗದ ಪಕ್ಕದಲ್ಲಿ ನಿಂತ ಇಂದುಮತಿಯನ್ನು ಕಂಡು ಅಲ್ಲೇ ನಿಂತಿತು. ಆಮೇಲೆ ಅವಳು ಹಾಡಿದ್ದೆಲ್ಲ ಇಂದುಮತಿಯೊಬ್ಬಳಿಗಾಗಿ. ಪೇಟಿ ಹಿಂದೆ ಹೋಯಿತು, ತಬಲ ಹಿಂದೆ ಹೋಯಿತು. ಸೂಜಿಗೆ ನೂಲು ಪೋಣಿಸುವಂತೆ ಅವಳು ಒಂದೊಂದೇ ಸ್ವರ ಹಿಡಿದು ಎಳೆದಳು.

ಡೇರೆಯ ನಡುಗಂಬಕ್ಕೆ ಕಟ್ಟಿದ ತಂತಿ ಮೆಲ್ಲಗೆ ಬಣ್ಣ ತಿರುಗಿತು. ಮೊದಲು ಅರಿಶಿನ, ಆಮೇಲೆ ಬೆಲ್ಲದ ಪಾಕ. ಕೇಂದ್ರದ ಕಂಬಗಳಲ್ಲೂ ಇಂಥ ಬಣ್ಣವನ್ನು ಇಂದುಮತಿ ಎಂದೂ ಕಂಡಿರಲಿಲ್ಲ. ಅದು ಡೇರೆಯ ಬಟ್ಟೆಯನ್ನೂ, ಕಲ್ಲಾಗಿ ಕೂತ ಮುಖಗಳನ್ನೂ ಬೆಳಗಿತು. ಆ ಮುಖಗಳು ಸತ್ತಂತೆ ಕಾಣಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ನಿಂತವರ ಖಾಲಿತನ ಇವರಲ್ಲಿರಲಿಲ್ಲ. ಏನನ್ನೋ ಎತ್ತಿ ಹಿಡಿದವರ ಬಿಗಿ ಇತ್ತು. ಊರ ಇನ್ನೊಂದು ತುದಿಯಲ್ಲಿ ಅಕ್ಕನ ತಲೆಯೊಳಗಿನ ಕೂದಲೆಳೆಯಂಥ ನಾಳವೊಂದರ ಸುತ್ತ ಈ ಸಾವಿರ ಜನರ ಗಳಿಗೆ ಕೋಟೆಯಂತೆ ನಿಂತಿದೆ ಎಂದು ಅವಳು ನೆನೆದಳು. ಹಾಡು ಎಷ್ಟು ಉದ್ದವಿತ್ತು. ಒಂದು ಹಾಡು ಇಷ್ಟು ಉದ್ದ ಇರುತ್ತದೆಯೇ? ಅವಳು ಕೊಟ್ಟುಬಿಟ್ಟ ಸಂಜೆಗಳೂ ಇಷ್ಟು ಉದ್ದ ಇದ್ದವೇ?

ಹಾಡು ಮುಗಿಯಿತು. ಮುಕ್ತಾಬಾಯಿ ಕೈಮುಗಿದಳು. ಸಾವಿರಾರು ಕಣ್ಣು ಮಿಟುಕಿದವು.

ಅವರ ಪಾಲಿಗೆ ಅವಳು ಈಗಷ್ಟೇ ಬಾಯಿ ತೆರೆದಿದ್ದಳು. ಈಗ ನೋಡಿದರೆ ಹಣೆಯಲ್ಲಿ ಬೆವರು, ಕೆನ್ನೆಯ ಮೇಲೆ ಇಳಿದ ಕಾಡಿಗೆ. "ಮುಗದ ಹೋತೇನು?" ಎಂದರು ಯಾರೋ. ಯಾರೂ ನಗಲಿಲ್ಲ. ಅಷ್ಟರಲ್ಲಿ ಇಂದುಮತಿಯ ಫೋನು ಬಡಿಯಿತು. ಅದನ್ನು ಮೈಕಿನ ಹತ್ತಿರ ಒಯ್ದು ಹಿಡಿದಳು.

"ಹೊಂಬಳ ಮೇಡಂ," ಡಾಕ್ಟರ್ ಖತೀಬರ ದನಿ ಡೇರೆ ತುಂಬಿತು. "ಉಳದ್ರು ನಿಮ್ಮ ಅಕ್ಕಾರು. ಎಂಥಾ ಹೊತ್ತ ಕಳಿಸಿದ್ರಿ ನೀವು? ಎಲ್ಲೂ ಹರೀಲಿಲ್ಲ. ಅವಸರ ಅನ್ನೂದ ಇರಲಿಲ್ಲ. ನಡುವ ಕೈ ಬಿಟ್ಟು ನಿಂತು, ಕನ್ನಡಕ ಒರಸಿಕೊಂಡು, ಮತ್ತ ಹೊಲದೆ. ನನಗ ಹಾಡು ಪಾಡು ಗೊತ್ತಿಲ್ಲ ಮೇಡಂ, ಆದ್ರ ನನ್ನ ಕೈ ತಾಳಕ್ಕ ಬಿದ್ದು ನಡೀತಿದ್ವು. ಸಂಜೀತನಕ ಯಾರನೂ ಒಳಗ ಬಿಡೂದಿಲ್ಲ. ನೀವು ಕಾಯಬೇಕಾಗ್ತೈತಿ."

"ಕಾಯತೀನ್ರಿ," ಎಂದಳು ಇಂದುಮತಿ.

ಡೇರೆ ದೊಡ್ಡದೊಂದು ಉಸಿರು ಬಿಟ್ಟಿತು. ಪಟಗಾದ ಮುದುಕ ಮತ್ತೆ ಎದ್ದ. "ಅಕ್ಕಾರ, ಕೇಳಿದವ್ರು ನೀವೊಬ್ರ. ಹೆಂಗಿತ್ರಿ ಪದ?"

ಎಲ್ಲರೂ ಅವಳತ್ತ ನೋಡಿದರು. ಹೇಳಲು ಬಾಯಿ ತೆರೆದಳು. ಸ್ವರ, ಬೆಳಕು, ಸೂಜಿ, ನೂಲು, ಯಾವುದನ್ನೂ ಮಾತಿಗೆ ತರಲು ಆಗಲಿಲ್ಲ. ಕಡೆಗೆ ಅವಳು ಮೈಕು ಬಿಟ್ಟು, ರಂಗದಿಂದ ಕೆಳಗಿಳಿದು, ಮುಂದಿನ ಸಾಲಿನ ಆ ಖಾಲಿ ಜಾಗದ ಹತ್ತಿರ ಬಂದು ನಿಂತು, ಮೆಲ್ಲಗೆ ಅಂದಳು.

"ವನ್ಸ್ ಮೋರ್."

ಮುಕ್ತಾಬಾಯಿ ಕಣ್ಣೊರೆಸಿಕೊಳ್ಳುತ್ತ ನಕ್ಕಳು. "ಅದ ಪದ ಮತ್ತ ಬರೂದಿಲ್ಲ ತಂಗಿ. ಇದು ಬ್ಯಾರೆ ಆಗ್ತೈತಿ."

"ಆಗ್ಲಿ ಬಿಡ್ರಿ," ಎಂದಳು ಇಂದುಮತಿ. "ನನಗ ಹೊತ್ತೈತಿ."

ಪೇಟಿ ಮಾಸ್ತರ ಮತ್ತೆ ಬೆರಳು ಇಟ್ಟ. ಹೊರಗೆ ಕೇಂದ್ರದ ಜೀಪು ಎರಡು ಸಲ ಹಾರ್ನ್ ಹೊಡೆದು ಸುಮ್ಮನಾಯಿತು. ಇಂದುಮತಿ ಜಮಖಾನೆಯ ಮೇಲೆ ಕೂತಾಗ ಪಕ್ಕದ ಹೆಂಗಸು ರಂಗದಿಂದ ಕಣ್ಣು ತೆಗೆಯದೆಯೇ ಒಂದಿಷ್ಟು ಸರಿದು, ಅವಳ ಅಂಗೈ ಎಳೆದು ತನ್ನ ಪೊಟ್ಟಣದ ಅರ್ಧ ಶೇಂಗಾ ಸುರಿದಳು.